ಗಾಜಿನ ಗುಲಾಬದಾನಿ, ಬೆಳ್ಳಿಯ ಕೊರಳು

ಹಳೆಯ ಗಾಜಿನ ಅಲಂಕಾರ ಪಾತ್ರೆಯ ಬಾಯಿಗೋ ಕೊರಳಿಗೋ ಅಡಿಗೋ ಆಮೇಲಿನ ಕಾಲದವರು ತೊಡಿಸಿದ ಬೆಳ್ಳಿ ಅಥವಾ ಹಿತ್ತಾಳೆಯ ಭಾಗವನ್ನು, ರುದ್ರಾಕ್ಷಿಗೆ ಬೆಳ್ಳಿ ಕಟ್ಟಿಸುವುದನ್ನು ನೆನೆದು, ಕಟ್ಟು ಎಂದು ಕರೆಯಬಹುದು. ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಸಂಸ್ಕೃತಿಗೆ ಹತ್ತಿರವಾದ ಇಂಥ ಪಾತ್ರೆಗಳೆಂದರೆ ಪನ್ನೀರು ಚಿಮುಕಿಸುವ ಗುಲಾಬದಾನಿ, ಸುಗಂಧ ತೈಲವಿಡುವ ಅತ್ತರದಾನಿ ಮತ್ತು ಹುಕ್ಕಾದ ನೀರು ತುಂಬುವ ಬುರುಡೆ.

18ನೆಯ ಶತಮಾನದ ಮೊಘಲ್ ಗಾಜಿನ ಹುಕ್ಕಾ ಬುರುಡೆಗಳಲ್ಲಿ ಹಲವು ಗಂಟೆಯಾಕಾರದವು, ಚಿನ್ನದ ನೀರಿನಿಂದ ಹೂವಿನ ಚಿತ್ತಾರ ಬರೆಸಿಕೊಂಡವು. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ ಕೆಲಸದಲ್ಲಿಯೂ ಅದೇ ಆಕಾರವಿದೆ. ಬಳಿಕ ಬೊಹೀಮಿಯದ ಬಣ್ಣದ ಗಾಜು ಬಂದಿತು, ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿ ಕಲ್ಕತ್ತೆಯಲ್ಲಿ ಮಳಿಗೆಯನ್ನೇ ತೆರೆಯಿತು. ಬೊಂಬಾಯಿಯಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವ ಸರಕು ಶಹಾಬಾದ್ ದಾಟಿ ವಾಡಿಗೆ ಬಂದು, 1874ರಲ್ಲಿ ತೆರೆದ ಸಿಕಂದರಾಬಾದ್ ಮಾರ್ಗದಲ್ಲಿ ಚಿತ್ತಾಪುರ, ಸೇಡಂಗಳನ್ನು ಹಾದು ಹೋಗಬೇಕಿತ್ತು. ಗಾಜಿಗೆ ಮರಳು, ಕ್ಷಾರಗಳ ಜೊತೆ ಸುಣ್ಣವೂ ಬೇಕು. ಸುಣ್ಣಕಲ್ಲಿನ ಮೇಲೆಯೇ ಕುಳಿತಿರುವ ನಾಡನ್ನು ದಾಟಿ ಪರದೇಶದ ಗಾಜು ಸಾಗಿದ್ದು ವಿಚಿತ್ರವೇ. ಹೈದರಾಬಾದಿನಲ್ಲಿ 1951ರಲ್ಲಿ ಆರಂಭವಾದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಯುರೋಪಿನ ಗಾಜನ್ನು ಇಂದಿಗೂ ನೋಡಬಹುದು.

ಶಹಾಬಾದ್ ಕಲ್ಲು ಹಾಸಿದ ನೆಲಕ್ಕೆ ಬಿದ್ದ ಗಾಜು ಉಳಿಯುವುದು ಅಪರೂಪ. ಕೊರಳಷ್ಟೇ ಮುರಿದಿದ್ದರೆ, ಅಂಚನ್ನು ಸಾಣೆ ಹಿಡಿದು ಬೆಳ್ಳಿಯ ಕೊರಳನ್ನು ಕೂರಿಸಬಹುದಿತ್ತು. ಬೆಸುಗೆಯ ಕಾವಿಗೆ ಗಾಜು ಸೀಳುವುದರಿಂದ, ಲೋಹವನ್ನು ಬೇರೆಯಾಗಿ ರೂಪಿಸಿ, ಸಂದಿಗೆ ಅರಗನ್ನೋ ಪ್ಲಾಸ್ಟರನ್ನೋ ತುಂಬಿ ನಿಲ್ಲಿಸುವುದು ರೂಢಿ. ಗಾಜಿನ ಮೇಲೆ ಬರೆದ ಚಿನ್ನದ ಬಳ್ಳಿ ಕಟ್ಟಿನ ಅಂಚಿನಲ್ಲಿ ನಡುವೆಯೇ ತುಂಡಾಗಿದ್ದರೆ, ಅಲ್ಲಿ ಮೊದಲು ಗಾಜು ಇನ್ನೂ ಮೇಲಕ್ಕೆ ಇತ್ತೆಂದು ತಿಳಿಯಬೇಕು. ಇಂಗ್ಲೆಂಡಿನ ಬೆಳ್ಳಿಯಾದರೆ ಅದರ ಮುದ್ರೆಗಳಲ್ಲಿ ವರ್ಷವನ್ನು ಸೂಚಿಸುವ ಅಕ್ಷರವೂ ಇರುತ್ತದೆ. ಆದರೆ ಅದು ಕಟ್ಟಿನ ವಯಸ್ಸೇ ಹೊರತು ಗಾಜಿನದಲ್ಲ, ಮತ್ತು ಇವೆರಡನ್ನು ಒಂದೆಂದು ಎಣಿಸಿದಲ್ಲಿಯೇ ಬೆಲೆ ಕಟ್ಟುವವರು ಎಡವುತ್ತಾರೆ.

ಕಟ್ಟನ್ನು ಬರಿಯ ಮುಚ್ಚುಮರೆ ಎನ್ನುವುದು ಅನ್ಯಾಯ, ಏಕೆಂದರೆ ಒಡೆದ ಗಾಜಿಗೆ ಬೆಳ್ಳಿ ಸುರಿದವರು ಅದನ್ನು ಬೆಳ್ಳಿಗಿಂತ ಹೆಚ್ಚಿನದೆಂದು ಬಗೆದಿದ್ದರು. ಆದ್ದರಿಂದ ಅಟ್ಟದ ಮೇಲೆ ಇಂಥ ಗುಲಾಬದಾನಿ ಇರುವವರು ಅದನ್ನು ನೀರಿನಲ್ಲಿ ಮುಳುಗಿಸಿ ತೊಳೆಯದಿರಲಿ, ಸಂದಿಯ ಪ್ಲಾಸ್ಟರು ಸಡಿಲವಾದೀತು. ಕಟ್ಟನ್ನು ಕಿತ್ತು ತೂಕದ ಲೆಕ್ಕದಲ್ಲಿ ಅಕ್ಕಸಾಲಿಗನಿಗೆ ಕೊಡದಿರಲಿ.