ಬಟ್ಟೆ ತುಳಿದವರ ಹೆಸರು

ವಾಕರ್ ಎಂಬ ಮನೆತನದ ಹೆಸರು ಕಿವಿಗೆ ಬಿದ್ದರೆ ಹಾದಿ ಹಿಡಿದು ಹೊರಟ ಯಾರೋ ಕಣ್ಣಮುಂದೆ ಬರುವುದು ಸಹಜ. ಆದರೆ ಆ ಹೆಸರು ಪಡೆದ ಮೊದಲಿಗರು ಎಲ್ಲಿಗೂ ಹೊರಟವರಲ್ಲ. ಉತ್ತರ ಇಂಗ್ಲೆಂಡಿನಲ್ಲಿ ತೊಟ್ಟಿಯೊಳಗೆ ನಿಂತು ಉಣ್ಣೆಬಟ್ಟೆ ತುಳಿದವರು. ಹಳೆಯ ಇಂಗ್ಲಿಷಿನಲ್ಲಿ ಈ ಹೆಸರಿನ ಬೇರಾದ ಕ್ರಿಯಾಪದಕ್ಕೆ ಉರುಳಿಸು, ಹೊರಳಿಸು ಎಂಬ ಅರ್ಥವಿತ್ತು. ನಡಿಗೆಯ ಅರ್ಥ ಸೇರಿದ್ದು ಆಮೇಲೆ.

ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಹಾಗೇ ಉಡಲು ಬರುವುದಿಲ್ಲ. ಎಳೆಗಳ ನಡುವೆ ಸಂದಿ, ಮೈತುಂಬ ಕುರಿಯ ಜಿಡ್ಡು. ಅದನ್ನು ನೆನೆಹಾಕಿ, ಹಳಸಿದ ಮೂತ್ರವನ್ನೋ ಜಿಡ್ಡು ಹೀರುವ ಜೇಡಿಮಣ್ಣನ್ನೋ ಬೆರೆಸಿ ತುಳಿಯಬೇಕು. ಮೂತ್ರ ಹಳಸಿದರೆ ಅಮೋನಿಯ ಹುಟ್ಟುತ್ತದೆ, ಅದಕ್ಕೆ ಜಿಡ್ಡು ಬಿಡುತ್ತದೆ. ತುಳಿದಂತೆಲ್ಲ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಚಳಿ ತಡೆಯುವಂತಾಗುತ್ತದೆ. ಬಳಿಕ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಒಣಗಿಸುವುದು. ನಮ್ಮಲ್ಲಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಆ ಜೇಡಿಮಣ್ಣಿನ ಜಾತಿಯದೇ. ನೇಕಾರನ ಕೈಯನ್ನು ಎಲ್ಲರೂ ಹೊಗಳುತ್ತಾರೆ. ಆ ನಾತದಲ್ಲಿ ನಿಂತು ತುಳಿದವನ ಕಾಲಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಕಸುಬು ಒಂದೇ ಆದರೂ ಸೀಮೆಗೊಂದು ಹೆಸರು. ಉತ್ತರದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದ ಡೆವನ್ ಕಡೆ ಟಕ್ಕರ್. ಎಕ್ಸೆಟರ್ ಪಟ್ಟಣದಲ್ಲಿ ನೇಕಾರರು, ಬಟ್ಟೆ ತುಳಿಯುವವರು, ಅದರ ಜುಂಗು ಕತ್ತರಿಸುವವರು ಕೂಡಿದ ಸಂಘಕ್ಕೆ 1471ರಲ್ಲಿ ಕಟ್ಟಿದ ಭವನ ಟಕ್ಕರ್ಸ್ ಹಾಲ್ ಎಂಬ ಹೆಸರಿನಲ್ಲಿ ಇಂದಿಗೂ ನಿಂತಿದೆ.

12ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ನೀರಿನ ಚಕ್ರ ಬಂತು. ಮರದ ಭಾರೀ ಕೊಡತಿಗಳು ಎದ್ದು ಬಿದ್ದು ಬಟ್ಟೆಯನ್ನು ಬಡಿಯತೊಡಗಿದವು. ಕಸುಬಿನ ಹೆಸರು ತಂದೆಯಿಂದ ಮಕ್ಕಳಿಗೆ ಇಳಿಯುವ ರೂಢಿ ಜನಸಾಮಾನ್ಯರಲ್ಲಿ ಬೇರೂರಿದ್ದು ಅದಕ್ಕೂ ಈಚೆಗೆ. ಹಾಗಾಗಿ ವಾಕರ್ ಎನಿಸಿಕೊಂಡವರಲ್ಲಿ ಎಷ್ಟೋ ಮಂದಿ ತೊಟ್ಟಿಗೆ ಕಾಲಿಡದೆ ಗಿರಣಿ ನೋಡಿಕೊಂಡವರೇ ಇದ್ದಿರಬೇಕು. ಕಾಲು ಬಿಟ್ಟ ಕೆಲಸವನ್ನು ಹೆಸರು ಹಿಡಿದಿಟ್ಟುಕೊಂಡಿತು.

ಅಟ್ಲಾಂಟಿಕ್ ದಾಟಿದ ಮೇಲೆ ಈ ಹೆಸರಿಗೆ ಇನ್ನೊಂದು ಬಾಳು ಸಿಕ್ಕಿತು. ಕಾದಂಬರಿಗಾರ್ತಿ ಆಲಿಸ್ ವಾಕರ್ ಅವರ ಹಿರಿಯಜ್ಜಿಯೊಬ್ಬಳು ಗುಲಾಮಗಿರಿಯ ಕಾಲದಲ್ಲಿ ಎರಡು ಕೂಸುಗಳನ್ನು ಹೊತ್ತು ವರ್ಜೀನಿಯಾದಿಂದ ಜಾರ್ಜಿಯಾದವರೆಗೆ ನಡೆಯಬೇಕಾಯಿತು. ಆ ನಡಿಗೆಯ ನೆನಪಿಗೆಂದೇ ತವರಿನ ಹೆಸರನ್ನು ಉಳಿಸಿಕೊಂಡುದಾಗಿ ಆಲಿಸ್ ಹೇಳಿದ್ದಾರೆ. ನಿಘಂಟು ಉಣ್ಣೆಯ ತೊಟ್ಟಿಯನ್ನು ತೋರಿಸುತ್ತದೆ, ನಿಜ. ಆದರೂ ಆ ಮನೆತನದ ಮಟ್ಟಿಗೆ ಆಲಿಸ್ ಹೇಳಿದ ಅರ್ಥವನ್ನೇ ನಾನು ಒಪ್ಪುತ್ತೇನೆ.