ಸಾವಿನ ಬಯಕೆಯೊಳಗಿನ ಬದುಕಿನ ಹಂಬಲ

ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಹನುಮಂತ ಸಾಯಲು ಯೋಚಿಸುವ ಪ್ರಸಂಗವೊಂದಿದೆ. ಕಡಲು ದಾಟಿ ಬಂದದ್ದಾಯಿತು, ರಾವಣನ ಅರಮನೆ, ಪಾನಶಾಲೆ, ಅಂತಃಪುರಗಳನ್ನೆಲ್ಲ ಜಾಲಾಡಿದ್ದಾಯಿತು. ಸೀತೆ ಮಾತ್ರ ಸಿಕ್ಕಿಲ್ಲ. ಬರಿಗೈಲಿ ಹಿಂದಿರುಗಿದರೆ ಏನಾದೀತೆಂದು ಅವನು ಲೆಕ್ಕ ಹಾಕುತ್ತಾನೆ. ಸುದ್ದಿ ಕೇಳಿ ರಾಮ ಉಳಿಯಲಾರ, ರಾಮನಿಲ್ಲದೆ ಲಕ್ಷ್ಮಣ ಉಳಿಯಲಾರ, ಆಮೇಲೆ ಭರತ, ಶತ್ರುಘ್ನ, ತಾಯಂದಿರು, ಸುಗ್ರೀವ, ಕೊನೆಗೆ ಇಡೀ ವಾನರಕುಲ. ಒಂದರ ಹಿಂದೊಂದು ಸಾವನ್ನು ಪೋಣಿಸುತ್ತಾ ಹೋಗಿ, ತಾನೂ ಇಲ್ಲವಾಗುವುದೇ ಮೇಲು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಅಲ್ಲಿಂದ ಅವನ ವಿಚಾರ ತಿರುಗುತ್ತದೆ. ಸಾಯುವುದರಲ್ಲಿ ದೋಷಗಳೇ ಹೆಚ್ಚು, ಬದುಕಿ ಉಳಿದವನಿಗೆ ಒಳ್ಳೆಯದು ಎಂದಾದರೂ ದಕ್ಕೀತು ಎಂದುಕೊಳ್ಳುತ್ತಾನೆ. ಆಗ ಇನ್ನೂ ಹುಡುಕದೆ ಬಿಟ್ಟಿದ್ದ ತೋಟವೊಂದು ಕಣ್ಣಿಗೆ ಬೀಳುತ್ತದೆ. ಅದೇ ಅಶೋಕವನ.

ಕವಿ ಇಲ್ಲಿ ಹನುಮಂತನನ್ನು ಹೇಡಿಯೆಂದು ಹೀಗಳೆದಿಲ್ಲ, ಪಾಪಿಯೆಂದೂ ಕರೆದಿಲ್ಲ. ಹತಾಶ ಮನಸ್ಸು ಹೇಗೆ ನಡೆಯುತ್ತದೆಂಬುದನ್ನು ಬಿಡಿಸಿ ತೋರಿಸಿದ್ದಾನೆ. ಕೆಟ್ಟದ್ದೊಂದೇ ಖಚಿತವೆಂದು ತೋರುವುದು, ಉಳಿದ ದಾರಿಗಳು ಕಣ್ಮರೆಯಾಗುವುದು, ತಾನು ಎಲ್ಲರಿಗೂ ಕೇಡೆಂದು ಅನ್ನಿಸುವುದು: ಇಂದಿನ ಮನೋವೈದ್ಯರೂ ಇವನ್ನೇ ಅಪಾಯದ ಲಕ್ಷಣಗಳೆಂದು ಗುರುತಿಸುತ್ತಾರೆ.

ಆತ್ಮಹತ್ಯೆಯ ಬಗ್ಗೆ ಧರ್ಮಗಳು ಏನು ಹೇಳುತ್ತವೆ ಎಂದು ಕೇಳಿದರೆ ‘ಅದು ಪಾಪ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಸಾಯಬೇಕೆಂಬ ಬಯಕೆ ಬಹುಪಾಲು ನೋವು ನಿಲ್ಲಲಿ ಎಂಬ ಬಯಕೆ. ಅದರ ಒಳಗೆ ಬದುಕಿನ ಹಂಬಲ ಇನ್ನೂ ಜೀವಂತವಾಗಿರುತ್ತದೆ. ಒಂದರ ಸುಳಿವು ಇನ್ನೊಂದಕ್ಕೆ ಇಲ್ಲದ ಕಾಲದೇಶಗಳಲ್ಲೂ ಈ ಅರಿವು ಮತ್ತೆ ಮತ್ತೆ ಮೂಡಿದೆ.

ಬದುಕಿನ ಆಸೆ, ಸಾವಿನ ಆಸೆ

ದುಃಖಕ್ಕೆ ತೃಷ್ಣೆ, ಅಂದರೆ ತೀರದ ದಾಹ, ಕಾರಣವೆಂದು ಬುದ್ಧ ಹೇಳಿದ. ಆ ತೃಷ್ಣೆಯಲ್ಲಿ ಮೂರು ಬಗೆ: ಇಂದ್ರಿಯಸುಖದ ದಾಹ, ಇರಬೇಕೆಂಬ ದಾಹ, ಇಲ್ಲವಾಗಬೇಕೆಂಬ ದಾಹ. ಮೂರನೆಯದನ್ನು ಅವನು ಬಿಡುಗಡೆಯ ಕಡೆಗೆ ಸೇರಿಸದೆ ಬಂಧನದ ಪಟ್ಟಿಯಲ್ಲೇ ಇಟ್ಟದ್ದು ಗಮನಾರ್ಹ. ಇಲ್ಲವಾಗಬೇಕೆಂಬ ತುಡಿತವೂ ಮನಸ್ಸನ್ನು ಕಟ್ಟಿಹಾಕುವ ಇನ್ನೊಂದು ಆಸೆ. ಬೌದ್ಧ ಭಿಕ್ಷುಗಳ ಶಿಸ್ತಿನ ಗ್ರಂಥವಾದ ವಿನಯಪಿಟಕದ ನಿಯಮವೊಂದು ಇನ್ನೂ ಕಟುವಾಗಿದೆ. ಇನ್ನೊಬ್ಬರ ಮುಂದೆ ಸಾವನ್ನು ಹೊಗಳಿ ಅದಕ್ಕೆ ಪ್ರೇರೇಪಿಸುವ ಭಿಕ್ಷುವನ್ನು ಅದು ಕೊಲೆಗಾರನ ಸಾಲಿನಲ್ಲೇ ನಿಲ್ಲಿಸಿ ಸಂಘದಿಂದ ಹೊರಹಾಕುತ್ತದೆ. ಸಾವನ್ನು ವೈಭವೀಕರಿಸುವ ಸುದ್ದಿ, ಸಿನಿಮಾಗಳನ್ನು ನೋಡುವಾಗ ಈ ಎಚ್ಚರ ಇಂದಿಗೂ ಸಲ್ಲುತ್ತದೆ.

ಕನ್ನಡನಾಡಿಗೆ ಹತ್ತಿರದ ಉದಾಹರಣೆ ಜೈನರ ಸಲ್ಲೇಖನ, ಅಂದರೆ ಆಹಾರವನ್ನು ಕ್ರಮೇಣ ತ್ಯಜಿಸಿ ದೇಹ ಬಿಡುವ ವ್ರತ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಈ ವ್ರತದಿಂದ ದೇಹ ಬಿಟ್ಟ ಮುನಿಗಳನ್ನೂ ಗೃಹಸ್ಥರನ್ನೂ ನೆನೆಯುವ ಶಾಸನಗಳು ಹಲವಿವೆ. ಗಂಗ ದೊರೆ ಮಾರಸಿಂಹ 10ನೆಯ ಶತಮಾನದಲ್ಲಿ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸಮ್ಮುಖದಲ್ಲಿ ಇದನ್ನು ಕೈಗೊಂಡನೆಂದು ಚಿಕ್ಕಬೆಟ್ಟದ ಶಾಸನ ತಿಳಿಸುತ್ತದೆ. ಇದನ್ನು ಆತ್ಮಹತ್ಯೆಯೊಂದಿಗೆ ಸಮೀಕರಿಸುವುದನ್ನು ಜೈನ ಆಚಾರ್ಯರು ಒಪ್ಪುವುದಿಲ್ಲ. ಪರಿಹಾರವಿಲ್ಲದ ವಿಪತ್ತು, ಬರಗಾಲ, ಮುಪ್ಪು, ರೋಗ ಎದುರಾದಾಗ ಮಾತ್ರ ಇದು ಸಲ್ಲುತ್ತದೆಂದು ಸಮಂತಭದ್ರರ ‘ರತ್ನಕರಂಡ ಶ್ರಾವಕಾಚಾರ’ ಗೆರೆ ಎಳೆದಿದೆ. ದುಡುಕು, ಸಿಟ್ಟು, ದುಃಖಗಳಿಗೆ ಇಲ್ಲಿ ಜಾಗವಿಲ್ಲ. ‘ತತ್ತ್ವಾರ್ಥ ಸೂತ್ರ’ವು ಈ ವ್ರತವನ್ನು ಕೆಡಿಸುವ ಐದು ಅತಿಚಾರಗಳನ್ನು ಹೇಳುತ್ತದೆ. ಮೊದಲನೆಯದು ಇನ್ನಷ್ಟು ಬದುಕಬೇಕೆಂಬ ಆಸೆ, ಎರಡನೆಯದು ಬೇಗ ಸಾಯಬೇಕೆಂಬ ಆಸೆ. ಸಾವನ್ನು ಬಯಸಿದ ಕ್ಷಣವೇ ವ್ರತ ಕೆಟ್ಟಿತು ಎಂದಾಯಿತು. ಈ ಆಚರಣೆಯ ಕಾನೂನು ಸ್ಥಾನಮಾನ ವಿವಾದಕ್ಕೆ ಒಳಗಾಗಿದೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧವೆಂದಿತು; ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ವಾದ ಏನೇ ಇರಲಿ, ನೊಂದ ಮನಸ್ಸಿನ ಸಾವಿನ ಬಯಕೆಗೆ ಆ ಪರಂಪರೆಯೂ ಒಪ್ಪಿಗೆ ಕೊಟ್ಟಿಲ್ಲ.

ಬಯ್ಗುಳವಲ್ಲ, ರೊಟ್ಟಿ ಮತ್ತು ನೀರು

ಜೀವ ದೇವರು ಕೊಟ್ಟದ್ದು, ಹಿಂಪಡೆಯುವ ಹಕ್ಕೂ ಅವನದೇ ಎಂಬುದು ಯಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳ ಸಾಮಾನ್ಯ ನಿಲುವು. ಕುರ್‌ಆನ್‌ನ ಅನ್ನಿಸಾ ಅಧ್ಯಾಯ ಜೀವಹಾನಿಯನ್ನು ನಿಷೇಧಿಸುವಲ್ಲೇ ದೇವರು ನಿಮ್ಮ ಮೇಲೆ ಕರುಣೆಯುಳ್ಳವನೆಂದು ನೆನಪಿಸುತ್ತದೆ. ಕಷ್ಟ ಬಂತೆಂದು ಸಾವನ್ನು ಬಯಸಬಾರದೆಂಬ ತಿಳಿವಳಿಕೆ ಹದೀಸ್‌ಗಳಲ್ಲಿದೆ. 5ನೆಯ ಶತಮಾನದಲ್ಲಿ ಸಂತ ಆಗಸ್ಟೀನ್, ಕೊಲ್ಲಬಾರದೆಂಬ ಆಜ್ಞೆ ನಮ್ಮ ಜೀವಕ್ಕೂ ಅನ್ವಯವೆಂದು ವಾದಿಸಿದ. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಮೂರು ಕಾರಣ ಕೊಟ್ಟ: ಅದು ಜೀವಿಯ ಸಹಜ ಸ್ವಭಾವಕ್ಕೆ ವಿರುದ್ಧ, ಸಮುದಾಯಕ್ಕೆ ಮಾಡುವ ಅನ್ಯಾಯ, ದೇವರ ಅಧಿಕಾರಕ್ಕೆ ಕೈಹಾಕಿದಂತೆ. ಇಂಥ ವಾದಗಳು ಕಾಲಕ್ರಮದಲ್ಲಿ ಕ್ರೌರ್ಯಕ್ಕೂ ಆಸರೆಯಾದವು. ಹೀಗೆ ಸತ್ತವರಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಸಿಗಲಿಲ್ಲ, ಕೆಲವು ದೇಶಗಳಲ್ಲಿ ಅವರ ಆಸ್ತಿ ಮುಟ್ಟುಗೋಲಾಯಿತು. ಆಗಲೇ ನೊಂದಿದ್ದ ಮನೆಯವರಿಗೆ ಎರಡನೆಯ ಶಿಕ್ಷೆ ಬಿತ್ತು.

ಆದರೆ ಅದೇ ಬೈಬಲ್‌ನಲ್ಲಿ ಪ್ರವಾದಿ ಎಲೀಯನ ಕಥೆಯಿದೆ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅವನು ಮರುಭೂಮಿಗೆ ಓಡುತ್ತಾನೆ, ಒಂದು ಗಿಡದ ಕೆಳಗೆ ಕುಸಿದು ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿ ಮಲಗಿಬಿಡುತ್ತಾನೆ. ದೇವದೂತ ಬರುತ್ತಾನೆ. ಉಪದೇಶವಿಲ್ಲ, ಗದರಿಕೆಯಿಲ್ಲ. ತಲೆಯ ಬಳಿ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ಹೂಜಿ ನೀರು. ಎಲೀಯ ಉಂಡು ಮತ್ತೆ ಮಲಗುತ್ತಾನೆ. ದೇವದೂತ ಎರಡನೆಯ ಸಲ ತಟ್ಟಿ ಎಬ್ಬಿಸಿ, ಇನ್ನೂ ಬಹುದೂರ ನಡೆಯಬೇಕು, ಉಣ್ಣು ಎನ್ನುತ್ತಾನೆ. ಊಟ, ನಿದ್ದೆ, ಪಕ್ಕದಲ್ಲೊಬ್ಬರು: ಕುಸಿದ ಮನಸ್ಸಿಗೆ ಮೊದಲು ಬೇಕಾದದ್ದನ್ನು ಆ ಕಥೆ ಬಲ್ಲದು. ಕ್ಯಾಥೊಲಿಕ್ ಚರ್ಚ್ ಕೂಡ 1992ರ ತನ್ನ ಧರ್ಮೋಪದೇಶ ಗ್ರಂಥದಲ್ಲಿ, ತೀವ್ರ ಮಾನಸಿಕ ಬಾಧೆ ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದೆಂದು ಒಪ್ಪಿ, ಹೀಗೆ ತೀರಿಕೊಂಡವರಿಗಾಗಿ ಪ್ರಾರ್ಥಿಸುವುದಾಗಿ ಹೇಳಿದೆ.

ತತ್ತ್ವಜ್ಞಾನಿಗಳ ಚರ್ಚೆ

ಗ್ರೀಸಿನಲ್ಲಿ ಈ ಚರ್ಚೆ ಹಳೆಯದು. ಪ್ಲೇಟೋನ ‘ಫೀಡೋ’ ಸಂವಾದದಲ್ಲಿ ಸಾಕ್ರೆಟಿಸ್, ಮನುಷ್ಯರು ದೇವತೆಗಳಿಗೆ ಸೇರಿದವರಾದ್ದರಿಂದ ತಾವಾಗಿಯೇ ಹೊರಡುವಂತಿಲ್ಲ ಎನ್ನುತ್ತಾನೆ. ಸ್ಟೋಯಿಕ್ ಪಂಥದ ಚಿಂತಕರು ಕೆಲವು ಸಂದರ್ಭಗಳಲ್ಲಿ ಅದನ್ನು ವಿವೇಕಿಯ ಸ್ವಾತಂತ್ರ್ಯವೆಂದು ಕಂಡರು. ಡೇವಿಡ್ ಹ್ಯೂಮ್ ಧಾರ್ಮಿಕ ನಿಷೇಧವನ್ನು ಪ್ರಶ್ನಿಸಿ ಬರೆದ ಪ್ರಬಂಧ ಅವನ ಮರಣಾನಂತರ, 1777ರಲ್ಲಿ ಹೊರಬಂತು. ಇಮಾನ್ಯುಯೆಲ್ ಕಾಂಟ್ ಇದಕ್ಕೆ ವಿರುದ್ಧ ದಿಕ್ಕಿನವನು. ನೋವಿನಿಂದ ಪಾರಾಗಲು ನನ್ನನ್ನೇ ಇಲ್ಲವಾಗಿಸಿದರೆ ನನ್ನೊಳಗಿನ ಮನುಷ್ಯತ್ವವನ್ನು ಬರಿಯ ಸಾಧನವಾಗಿ ಬಳಸಿದಂತೆ ಎಂಬುದು ಅವನ ವಾದ. ಸ್ಟೋಯಿಕರೂ ಹ್ಯೂಮನೂ ನೆಚ್ಚಿದ್ದು ತೂಗಿ ನೋಡಬಲ್ಲ ತಿಳಿಮನಸ್ಸನ್ನು. ತೀವ್ರ ಖಿನ್ನತೆ ಮೊದಲು ಕಸಿಯುವುದು ಆ ತೂಗುವ ಶಕ್ತಿಯನ್ನೇ.

ನಮ್ಮ ವಿಷಯಕ್ಕೆ ತೀರ ಹತ್ತಿರ ಬಂದವನು ಜರ್ಮನಿಯ ಆರ್ಥರ್ ಶೋಪೆನ್‌ಹಾವರ್. ಲೋಕವೆಲ್ಲ ಕುರುಡು ಜಿಜೀವಿಷೆಯ ಆಟ, ಅದರಲ್ಲಿ ದುಃಖವೇ ಹೆಚ್ಚು ಎಂದವನು ಅವನು. ಆದರೂ ಆತ್ಮಹತ್ಯೆ ಬಿಡುಗಡೆಯೆಂದು ಅವನು ಒಪ್ಪಲಿಲ್ಲ. ಸಾಯಹೊರಟವನು ಬದುಕನ್ನು ಬಯಸುತ್ತಲೇ ಇರುತ್ತಾನೆ, ಅವನಿಗೆ ಬೇಡವಾಗಿರುವುದು ಆ ಬದುಕು ತನಗೊಡ್ಡಿದ ಪರಿಸ್ಥಿತಿ ಮಾತ್ರ ಎಂದು 1818ರ ಕೊನೆಯಲ್ಲಿ ಪ್ರಕಟವಾದ ತನ್ನ ಮುಖ್ಯ ಗ್ರಂಥದಲ್ಲೇ ಬರೆದ. ನಿರಾಶಾವಾದಕ್ಕೆ ಹೆಸರಾದವನೇ ಹೀಗೆ ಹೇಳಿರುವುದರಿಂದ ಈ ಮಾತಿನ ತೂಕ ಹೆಚ್ಚು.

20ನೆಯ ಶತಮಾನದಲ್ಲಿ ಈ ಒಳನೋಟ ಬದುಕಿನ ಕಠಿಣ ಪರೀಕ್ಷೆಗೆ ಒಡ್ಡಿಕೊಂಡಿತು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿ ಶಿಬಿರಗಳಲ್ಲಿ ಬದುಕುಳಿದು 1946ರಲ್ಲಿ ತನ್ನ ಅನುಭವ ಬರೆದ. ಬದುಕಿನಿಂದ ಇನ್ನೇನೂ ನಿರೀಕ್ಷೆಯಿಲ್ಲ ಎನ್ನುತ್ತಿದ್ದ ಇಬ್ಬರು ಸಹಕೈದಿಗಳನ್ನು ಅವನು ನೆನೆಯುತ್ತಾನೆ. ಬದುಕು ನಿಮ್ಮಿಂದ ಏನನ್ನು ನಿರೀಕ್ಷಿಸುತ್ತಿದೆ ಎಂದು ಅವರನ್ನು ಯೋಚಿಸಹಚ್ಚಿದ. ಒಬ್ಬನಿಗೆ ದೂರದೇಶದಲ್ಲಿ ಕಾಯುತ್ತಿದ್ದ ಮಗುವಿತ್ತು, ಇನ್ನೊಬ್ಬ ವಿಜ್ಞಾನಿಗೆ ಅರ್ಧಕ್ಕೆ ನಿಂತ ಪುಸ್ತಕಮಾಲೆಯಿತ್ತು. ಇಬ್ಬರಲ್ಲೂ ಬದುಕುವ ಕಾರಣ ಸತ್ತಿರಲಿಲ್ಲ, ನೋವಿನ ಅಡಿಯಲ್ಲಿ ಹೂತುಹೋಗಿತ್ತು.

ಶಿಕ್ಷೆಯಿಂದ ಆರೈಕೆಗೆ

ಸಮಾಜದ ಪಾಲನ್ನೂ ಮರೆಯುವಂತಿಲ್ಲ. ಫ್ರಾನ್ಸಿನ ಎಮಿಲ್ ಡರ್ಕೈಮ್ 1897ರ ತನ್ನ ಅಧ್ಯಯನದಲ್ಲಿ, ಖಾಸಗಿಯೆಂದು ತೋರುವ ಈ ಸಾವು ಸಾಮಾಜಿಕ ಬಂಧಗಳೊಂದಿಗೆ ಹೆಣೆದುಕೊಂಡಿದೆಯೆಂದು ತೋರಿಸಿದ. ಭಾರತದ ಕಾನೂನು ಶಿಕ್ಷೆಯಿಂದ ಆರೈಕೆಯ ದಿಕ್ಕಿಗೆ ತಿರುಗಲು ಬಹಳ ಕಾಲ ಹಿಡಿಯಿತು. 1860ರ ದಂಡಸಂಹಿತೆಯ 309ನೆಯ ಕಲಂ, ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದಿತ್ತು. ಸುಪ್ರೀಂ ಕೋರ್ಟ್ 1994ರಲ್ಲಿ ಅದನ್ನು ರದ್ದು ಮಾಡಿತು, 1996ರಲ್ಲಿ ಸಂವಿಧಾನ ಪೀಠ ಮತ್ತೆ ಎತ್ತಿಹಿಡಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೃಷ್ಟಿಕೋನವನ್ನೇ ಬದಲಿಸಿತು. ಅದರ 115ನೆಯ ಕಲಂ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಂ ಇಲ್ಲ. ಸಾರ್ವಜನಿಕ ಸೇವಕರನ್ನು ಒತ್ತಾಯಿಸಲು ನಡೆಸುವ ಯತ್ನವೊಂದೇ ಅಪರಾಧವಾಗಿ ಉಳಿದಿದೆ.

ನಮ್ಮ ಪಾಲಿನ ಕೆಲಸ

ಸಾವಿನ ಬಯಕೆಯೊಳಗೆ ಬದುಕಿನ ಹಂಬಲವಿದೆ ಎಂದು ನಂಬುವುದಾದರೆ ನಮ್ಮ ನಡವಳಿಕೆಯೂ ಬದಲಾಗಬೇಕು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಕಿವಿಗೆ ಬಿದ್ದರೆ ನಾಟಕವೆಂದು ತಳ್ಳಿಹಾಕಬಾರದು, ಪಾಪಪುಣ್ಯದ ಪಾಠಕ್ಕೂ ಇಳಿಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತವರ ಭಾರ ಕಡಿಮೆಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಜೊತೆಯಲ್ಲೇ ಹೋಗಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ, ಅದು ನಿಮ್ಮ ದೌರ್ಬಲ್ಯವೂ ಅಲ್ಲ, ತಪ್ಪೂ ಅಲ್ಲ. ತಡೆಯಲಾಗದಷ್ಟು ನೋವಿದೆ ಎಂಬುದರ ಗುರುತು. ಆ ನೋವಿಗೆ ಚಿಕಿತ್ಸೆಯಿದೆ, ತೀವ್ರ ಘಳಿಗೆಗಳು ದಾಟಿಹೋಗುತ್ತವೆ, ದಾಟಿಬಂದವರು ಅಸಂಖ್ಯರಿದ್ದಾರೆ. ನೀವು ನಂಬುವ ಒಬ್ಬರಿಗೆ ಇಂದೇ ಹೇಳಿ, ಇಲ್ಲವೇ ಮೇಲಿನ ಸಂಖ್ಯೆಗೆ ಈಗಲೇ ಕರೆ ಮಾಡಿ.