ಹಳೆಯ ಹರಿಗೋಲನ್ನು ಕೊಳ್ಳುವವರಿಗೆ

೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಗಳ ಹಿನ್ನೀರಿನಲ್ಲಿ ಮೀನುಗಾರಿಕೆಯು ಅನೇಕ ಕುಟುಂಬಗಳಿಗೆ ಜೀವನೋಪಾಯವಾಗಿದೆ. ಬಿದಿರಿನಿಂದ ಹೆಣೆದ ದುಂಡು ಹರಿಗೋಲಿಗೆ ಪೂರ್ವದಲ್ಲಿ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಆ ಸ್ಥಾನವನ್ನು ಪಡೆದಿವೆ.

ಮೊದಲ ಸಲ ಹಳೆಯ ಹರಿಗೋಲನ್ನು ಕೊಳ್ಳುವ ಗೃಹಸ್ಥರಿಗೆ ನಾವು ಹೇಳುವುದಿಷ್ಟು: ಹೊಸ ಡಾಂಬರಿನ ಹೊಳಪಿಗೆ ಮರುಳಾಗಬಾರದು. ಹೊದಿಕೆ ಹರಿದರೆ ತೇಪೆ ಹಾಕಬಹುದು. ಹೆಣಿಗೆ ಕೊಳೆತರೆ ಉಪಾಯವಿಲ್ಲ. ಆದುದರಿಂದ ತಳದ ಮತ್ತು ಅಂಚಿನ ದಬ್ಬೆಗಳನ್ನು ಒತ್ತಿ ನೋಡತಕ್ಕದ್ದು. ಪುಡಿ ಉದುರಿದರೆ ಹುಳು ಹೊಕ್ಕಿದೆಯೆಂದು ತಿಳಿಯಬೇಕು. ಬಳಿಕ ದಡದ ಬಳಿ ಆಳವಿಲ್ಲದ ನೀರಿಗಿಳಿಸಿ, ಇಬ್ಬರ ಭಾರದಷ್ಟು ಮರಳಿನ ಚೀಲಗಳನ್ನಿಟ್ಟು, ಕೆಲಹೊತ್ತು ಕಾದು, ನೀರು ಒಸರುವುದೋ ಎಂದು ಪರೀಕ್ಷಿಸಬೇಕು. ಮಾರುವವನು ಇದಕ್ಕೆ ಒಪ್ಪದಿದ್ದರೆ ಹಣವನ್ನು ಗಂಟಿನಲ್ಲಿಯೇ ಇರಿಸಿಕೊಳ್ಳುವುದು ಲೇಸು. ಗಾಳಿಯೆದ್ದು ಅಲೆಗಳು ಬಡಿಯುವಾಗ ಚೌಕಾಸಿಯಲ್ಲಿ ಉಳಿಸಿದ ಹಣವು ನೆರವಿಗೆ ಬಾರದು. ಮನೆಯಲ್ಲಿ ಮಕ್ಕಳು ಕಾಯುತ್ತಿರುವರು.